ಬರಿದಾಗದ ಬಾಟಲಿ

ಪಕ್ಕೀರಮ್ಮನನ್ನು ನಾನು ಮೊದಲು ನೋಡಿದ್ದು ಅವಳು ನಮ್ಮ ಆಸ್ಪತ್ರೆಯ ಗೇಟಿಗೆ ಮಣ್ಣು ತೂರುತ್ತಿದ್ದಾಗ. ಸೊಸೆಯ ಹೆಣವನ್ನು ದಾವಣಗೆರೆಯಿಂದ ಊರಿಗೆ ಒಯ್ಯುತ್ತಿದ್ದರು. ಕೊಟ್ಟೂರಿನಲ್ಲಿ ಗಾಡಿ ನಿಲ್ಲಿಸಿ ಇಳಿದವಳೇ ರಸ್ತೆ ಬದಿಯ ಮಣ್ಣನ್ನು ಎರಡೂ ಮುಷ್ಟಿಯಲ್ಲಿ ಬಾಚಿಕೊಂಡು ಮೂರು ಸಲ ಗೇಟಿನ ಮೇಲೆ ತೂರಿದಳು. ನಮ್ಮ ಕಡೆ ಹೆಂಗಸರಿಗೆ ಅದಕ್ಕಿಂತ ದೊಡ್ಡ ಶಾಪ ಗೊತ್ತಿಲ್ಲ. ನಾನು ಮಹಡಿಯ ಕಿಟಕಿಯಲ್ಲಿ ನಿಂತು ನೋಡಿದೆ. ನೋಡಿ, ಕಿಟಕಿ ಹಾಕಿಕೊಂಡು, ಮಧ್ಯಾಹ್ನದ ಇಂಜೆಕ್ಷನ್ ಟ್ರೇ ಜೋಡಿಸಲು ಹೋದೆ. ಹನ್ನೊಂದು ವರ್ಷ ನರ್ಸ್ ಆಗಿದ್ದವಳಿಗೆ ಶಾಪ ಹೊಸದೇನಲ್ಲ.

ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ಆ ಬೋರ್ಡು ಈಗ ಇಲ್ಲ. ಇಪ್ಪತ್ತು ಹಾಸಿಗೆ, ಒಂದು ಆಪರೇಷನ್ ಥಿಯೇಟರ್, ಕೆಳಗೆ ಔಷಧಿ ಅಂಗಡಿ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಎಲ್ಲ ಕಡೆಯಿಂದಲೂ ಹೆರಿಗೆಗೆ ಬರುತ್ತಿದ್ದರು. ಯಜಮಾನರು ಡಾಕ್ಟರ್ ಕಾಂತೇಶ್. ಅವರ ಕೈಗುಣ ಒಳ್ಳೆಯದು ಅಂತ ಸುತ್ತಲಿನ ಹಳ್ಳಿಗಳಲ್ಲಿ ಹೆಸರು. ಕೈಗುಣ ಅನ್ನುವ ಮಾತು ಕೇಳಿದರೆ ಈಗ ನನಗೆ ಮೈ ಉರಿಯುತ್ತದೆ. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವಾಗ ಆ ಕೈ ನಲ್ಲಿಯ ಕೆಳಗೆ ಹೋದದ್ದನ್ನು ನಾನು ಬೆರಳೆಣಿಕೆಯಷ್ಟು ಸಲ ನೋಡಿದ್ದೇನೆ. ನಾನು ಸಿಟ್ಟಿನ ಹೆಂಗಸು, ಇದನ್ನು ಸಿಟ್ಟಿನಲ್ಲಿಯೇ ಬರೆಯುತ್ತಿದ್ದೇನೆ. ಆ ಸಿಟ್ಟಿನಲ್ಲಿ ನನ್ನ ಪಾಲೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಪಕ್ಕೀರಮ್ಮನದು ಕುರಿ ಮಂದೆ ಇರುವ ಮನೆ. ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಅವರ ಹಟ್ಟಿ. ಗಂಡ ಇಲ್ಲ. ಒಬ್ಬನೇ ಮಗ ಬೀರಲಿಂಗೇಶ್. ಅವನ ಹೆಂಡತಿ ಭೂಮಿಕಾ, ಹರಪನಹಳ್ಳಿ ತಾಲ್ಲೂಕಿನ ನೀಲಗುಂದದ ಕರಿಸಿದ್ದಪ್ಪನ ಮಗಳು. ಭೂಮಿಕಾಗೆ ಶ್ರಾವಣದಲ್ಲಿ ನಮ್ಮಲ್ಲಿ ಸಿಸೇರಿಯನ್ ಆಯಿತು, ಹೆಣ್ಣುಕೂಸು ಹುಟ್ಟಿತು. ಎರಡನೇ ದಿನ ಬೀರಲಿಂಗೇಶ್ ಮನೆದೇವರ ಭಂಡಾರ ತಂದ. ಅರಿಶಿನದ ಪುಡಿಯ ಆ ಪ್ರಸಾದವನ್ನು ಹೆಂಡತಿಯ ಹಣೆಗೆ ಹಚ್ಚಿ, ಕೂಸಿನ ಹಣೆಗೂ ಮುಟ್ಟಿಸಿ, ಒಂದು ಚಿಟಿಕೆ ಅವಳ ಸೆರಗಿಗೆ ಕಟ್ಟಿದ. ಸ್ವಲ್ಪ ಹಾಸಿಗೆಯ ಮೇಲೆ ಉದುರಿತು. ಐದನೇ ದಿನ ನಾನು ಪಟ್ಟಿ ಬಿಚ್ಚಿದಾಗ ಹೊಲಿಗೆಯ ಜಾಗದಲ್ಲಿ ಹಸಿರು ಕೀವು ಇತ್ತು, ಕೊಳೆತ ದ್ರಾಕ್ಷಿಯ ವಾಸನೆ ಬಂತು.

ಡಾಕ್ಟರ್ ಬಂದರು. ಗಾಯ ನೋಡಿದರು, ಹಾಸಿಗೆಯ ಮೇಲಿನ ಹಳದಿ ಕಲೆ ನೋಡಿದರು. ಅವರ ಮುಖ ಹಗುರಾದದ್ದು ನನಗೆ ಇನ್ನೂ ನೆನಪಿದೆ.

"ಗಾಯಕ್ಕ ಭಂಡಾರ ತುಂಬ್ಯಾರ ನೋಡ್ರಿ," ಎಂದು ಬಾಗಿಲಲ್ಲಿ ನಿಂತಿದ್ದ ಕರಿಸಿದ್ದಪ್ಪನಿಗೆ ಹೇಳಿದರು. "ನಾವ್ ಎಷ್ಟ್ ಸ್ವಚ್ಛ ಇಟ್ರೂ ನಿಮ್ಮ ಮಂದಿ ಕೇಳಂಗಿಲ್ಲ. ಸೆಪ್ಟಿಕ್ ಆಗೈತಿ."

ಗಾಯಕ್ಕೆ ಯಾರೂ ಭಂಡಾರ ಹಾಕಿರಲಿಲ್ಲ. ಪಟ್ಟಿ ಕಟ್ಟಿದವಳು ನಾನು, ಬಿಚ್ಚಿದವಳು ನಾನು, ಒಳಗೆ ಒಂದು ಹಳದಿ ಕಣವೂ ಇರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಟ್ರೇ ಎತ್ತಿಕೊಂಡು ಹೊರಗೆ ಬಂದೆ.

ಭೂಮಿಕಾಳನ್ನು ಏಳನೇ ದಿನ ದಾವಣಗೆರೆಗೆ ಕಳಿಸಿದರು. ಅಲ್ಲಿ ಕೀವನ್ನು ಲ್ಯಾಬಿಗೆ ಹಾಕಿ ಯಾವ ಔಷಧಿಗೆ ಆ ರೋಗಾಣು ಸಾಯುತ್ತದೆ ಎಂದು ನೋಡಿದರು. ಹದಿನಾರು ಔಷಧಿಗಳ ಪಟ್ಟಿ ಬಂತು. ಹದಿನಾಲ್ಕರ ಮುಂದೆ 'ಆರ್' ಎಂಬ ಇಂಗ್ಲಿಷ್ ಅಕ್ಷರ, ಅಂದರೆ ಆ ಔಷಧಿಗೆ ರೋಗಾಣು ಜಗ್ಗುವುದಿಲ್ಲ. ಒಂಬತ್ತನೆಯದರ ಮುಂದೆ ಮತ್ತು ಕೊನೆಯದರ ಮುಂದೆ ಮಾತ್ರ 'ಎಸ್'. ಆ ಎರಡರಲ್ಲಿ ಒಂದನ್ನು ಶುರು ಮಾಡುವಷ್ಟರಲ್ಲಿ ಕಿಡ್ನಿ ಕೈಕೊಟ್ಟಿತ್ತು. ಹತ್ತೊಂಬತ್ತನೇ ದಿನ ಭೂಮಿಕಾ ತೀರಿಕೊಂಡಳು. ಅವಳಿಗೆ ಇಪ್ಪತ್ತೆರಡು ವರ್ಷ.

ಮಣ್ಣಿನ ಕಾರ್ಯ ಮುಗಿದ ದಿನವೇ ಕರಿಸಿದ್ದಪ್ಪ ಕೂಸನ್ನು ಎತ್ತಿಕೊಂಡ. ಅವನೂ ಅದೇ ದೇವರ ಒಕ್ಕಲು, ಅವನ ಮನೆಯಲ್ಲೂ ಭಂಡಾರದ ಚೀಲ ಇದೆ. ಆದರೂ ಹೇಳಿದ: "ಭಂಡಾರ ಹಣಿಗೆ ಹಚ್ಚಾದು. ಹೆಂಡ್ತಿ ಹೊಟ್ಟಿ ಗಾಯಕ್ಕ ತುಂಬಿದಾವನ ಕೈಯಾಗ ನನ್ನ ಮಮ್ಮಗಳನ್ನ ಬಿಡಂಗಿಲ್ಲ." ಬೀರಲಿಂಗೇಶ್ ತಾನು ಹಾಕಿಲ್ಲ ಎಂದು ಒಮ್ಮೆ ಹೇಳಿದ. ಡಾಕ್ಟರೇ ಹೇಳಿದ ಮೇಲೆ ಕುರಿ ಕಾಯುವವನ ಮಾತು ಯಾರು ಕೇಳುತ್ತಾರೆ. ಆಮೇಲೆ ಅವನು ಮಾತನ್ನೇ ಬಿಟ್ಟ. ಮಂದೆಯ ಹಿಂದೆ ಹೋದವನು ತಿಂಗಳುಗಟ್ಟಲೆ ಮನೆಗೆ ಬರುತ್ತಿರಲಿಲ್ಲ, ದೇವರ ಗುಡಿಯ ಕಡೆ ಮುಖ ಹಾಕುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ನಮ್ಮಲ್ಲಿ ಕಸ ಗುಡಿಸಿ ನೆಲ ಒರೆಸಲು ಒಬ್ಬ ಹೆಂಗಸು ಬಂದು ಕೆಲಸ ಕೇಳಿದಳು. ಐವತ್ತರ ಆಸುಪಾಸು, ಗಟ್ಟಿ ಮೈ, ಸೊಂಟದಲ್ಲಿ ಎಲೆ ಅಡಿಕೆಯ ಸಂಚಿ. ಹೆಸರು ಪಕ್ಕೀರಮ್ಮ ಎಂದಳು. "ಮನಿಯಾಗ ಯಾರೂ ಇಲ್ರಿ, ಕುಂತ್ ತಿನ್ನಾಕ ಬರಂಗಿಲ್ಲ," ಎಂದಳು. ನನಗೆ ಗುರುತು ಸಿಗಲಿಲ್ಲ. ಡಾಕ್ಟರಿಗೂ ಸಿಗಲಿಲ್ಲ. ಹನ್ನೆರಡು ವರ್ಷ ವಾರ್ಡಿನಲ್ಲಿ ಕೂತಿದ್ದರೂ ರೋಗಿಯ ಕಡೆಯವರ ಮುಖವನ್ನು ನಾವು ನೋಡುವುದಿಲ್ಲ, ಕೈಯಲ್ಲಿರುವ ಚೀಟಿ ನೋಡುತ್ತೇವೆ.

ಕೆಲಸದಲ್ಲಿ ಅವಳನ್ನು ಮೀರಿಸುವವರಿಲ್ಲ. ಬೆಳಿಗ್ಗೆ ಡಾಕ್ಟರ ಕೋಣೆಯ ನೆಲ ಒರೆಸುವಾಗ ಏನೋ ಗೊಣಗುತ್ತಿದ್ದಳು. ದೇವರ ಪದ ಇರಬೇಕು ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅವಳು ಅವರ ಮನೆತನವನ್ನು ಹೆಸರು ಹಿಡಿದು ಶಪಿಸುತ್ತಿದ್ದಳು, ನೆಲಹಾಸಿನ ಒಂದು ಬಂಡೆಗೆ ಒಂದು ಶಾಪದ ಲೆಕ್ಕದಲ್ಲಿ. ಕೋಣೆ ದೊಡ್ಡದಿತ್ತು.

ಎರಡು ತಿಂಗಳಲ್ಲಿ ನಾನು ಅವಳಿಗೆ ಇನ್ನೊಂದು ಕೆಲಸ ಕಲಿಸಿದೆ. ಗಾಯ ತೊಳೆಯುವ ಲೋಷನ್ ನಮ್ಮಲ್ಲಿ ದೊಡ್ಡ ಕ್ಯಾನಿನಲ್ಲಿ ಬರುತ್ತಿತ್ತು. ಅದನ್ನು ಒಂದು ಪಾಲಿಗೆ ಇಷ್ಟು ನೀರು ಅಂತ ಬೆರೆಸಿ ಕಂದು ಬಣ್ಣದ ಗಾಜಿನ ಬಾಟಲಿಗೆ ಹಾಕಿ ಡ್ರೆಸ್ಸಿಂಗ್ ಟ್ರಾಲಿಯ ಮೇಲೆ ಇಡಬೇಕು. ಬಾಟಲಿಯ ಕುತ್ತಿಗೆ ಒಂದು ಕಡೆ ಚಕ್ಕೆ ಎದ್ದಿತ್ತು. ಮೈಮೇಲೆ ಅಂಟುಪಟ್ಟಿಯಲ್ಲಿ ನನ್ನದೇ ಅಕ್ಷರ: ಲೋಷನ್. ದಿನಾ ಬೆಳಿಗ್ಗೆ ಅದನ್ನು ತುಂಬಿಸಬೇಕು.

"ಪೂರ್ತಿ ಖಾಲಿ ಮಾಡಬ್ಯಾಡ," ಎಂದು ನಾನು ಹೇಳಿಕೊಟ್ಟೆ. "ತಳದಾಗ ಇಷ್ಟು ಇರಾಗಲೇ ಮ್ಯಾಲೆ ತುಂಬಬೇಕು."

ನನಗೂ ಹಾಗೆಯೇ ಹಿಂದಿನ ದೊಡ್ಡ ಸಿಸ್ಟರ್ ಕಲಿಸಿದ್ದರು. ಅವರಿಗೆ ಯಾರು ಕಲಿಸಿದರೋ. ನಮ್ಮ ಮನೆಗಳಲ್ಲಿ ಅಕ್ಕಿ ಡಬ್ಬಿ, ಉಪ್ಪಿನ ಭರಣಿ, ಎಣ್ಣೆ ಪಾತ್ರೆ ಯಾವುದನ್ನೂ ಬರಿದು ಮಾಡುವುದಿಲ್ಲ. ತಳದಲ್ಲಿ ಒಂದು ಹಿಡಿ ಉಳಿಸಿಯೇ ಹೊಸದು ಸುರಿಯುತ್ತೇವೆ. ಖಾಲಿ ಆಯಿತು ಎಂದು ಬಾಯಲ್ಲಿ ಅನ್ನುವುದೂ ಇಲ್ಲ, ಹೆಚ್ಚಾಯಿತು ಅನ್ನುತ್ತೇವೆ. ಅದೇ ಕೈ ಆಸ್ಪತ್ರೆಗೂ ಬಂತು. ಬಿಎಸ್‌ಸಿ ನರ್ಸಿಂಗ್ ಓದಿದ್ದೇನೆ, ಮೈಕ್ರೋಬಯಾಲಜಿಯಲ್ಲಿ ಅರವತ್ತೆಂಟು ಅಂಕ. ಆ ಬಾಟಲಿ ಹನ್ನೊಂದು ವರ್ಷದಲ್ಲಿ ಒಂದು ದಿನವೂ ಬರಿದಾಗಲಿಲ್ಲ, ಒಂದು ದಿನವೂ ಕುದಿಯುವ ನೀರು ಕಾಣಲಿಲ್ಲ.

ಪಕ್ಕೀರಮ್ಮ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದಳು. ದಿನಾ ಬೆಳಿಗ್ಗೆ ಬಾಟಲಿ ತುಂಬಿಸಿದಳು.

ಕಾರಹುಣ್ಣಿಮೆಯ ಸುಮಾರಿಗೆ ಹಗರಿಬೊಮ್ಮನಹಳ್ಳಿಯ ರೋಜಾ ಎಂಬ ಹುಡುಗಿಗೆ ಸಿಸೇರಿಯನ್ ಆಯಿತು. ಗಂಡನದು ಬಟ್ಟೆ ಅಂಗಡಿ. ಆರನೇ ದಿನ ಅದೇ ಹಸಿರು ಕೀವು, ಅದೇ ವಾಸನೆ. ಡಾಕ್ಟರು ಗಂಡನನ್ನು ಕರೆದು, ಮನೆಯವರು ಕದ್ದು ಸ್ನಾನ ಮಾಡಿಸಿ ಗಾಯಕ್ಕೆ ನೀರು ಬಿಟ್ಟಿದ್ದಾರೆ ಎಂದರು. ಆ ಮನುಷ್ಯನ ಬಳಿ ಎಲ್ಲರಿಗೂ ಒಂದೊಂದು ಕಾರಣ ಇತ್ತು. ಕುರಿಯವರಿಗೆ ಭಂಡಾರ, ಅಂಗಡಿಯವರಿಗೆ ಸ್ನಾನದ ನೀರು. ಅದಕ್ಕೂ ಮುಂಚೆ ಹಡಗಲಿಯ ಒಬ್ಬಳಿಗೆ ಗಾಯ ಕೆಟ್ಟಾಗ, ಮಲ್ಲಿಗೆ ಕಟ್ಟುವ ಕೈಯಲ್ಲಿ ಗಾಯ ಮುಟ್ಟಿಕೊಂಡಿದ್ದಾಳೆ ಎಂದಿದ್ದರು. ಕಾರಣ ಯಾವತ್ತೂ ರೋಗಿಯ ಮನೆಯಿಂದಲೇ ಬರಬೇಕು, ಆಸ್ಪತ್ರೆಯ ಒಳಗಿನಿಂದ ಬರಬಾರದು.

ರೋಜಾ ದಾವಣಗೆರೆಯಲ್ಲಿ ನಲವತ್ತೊಂದು ದಿನ ಇದ್ದಳು. ಬದುಕಿಕೊಂಡಳು, ಆದರೆ ಗರ್ಭಕೋಶ ತೆಗೆಯಬೇಕಾಯಿತು. ಅವಳ ಗಂಡ ಹಳೆಯ ಕಾಗದ ಕೇಳಲು ನಮ್ಮಲ್ಲಿಗೆ ಬಂದವನು ತನ್ನ ಫೈಲನ್ನು ಕೌಂಟರ್ ಮೇಲೆ ಇಟ್ಟು ಡಾಕ್ಟರ ಜೊತೆ ಜಗಳಕ್ಕೆ ಹೋದ.

ಅವತ್ತು ಮಧ್ಯಾಹ್ನ ನಾನು ಪಾತ್ರೆ ತೊಳೆಯುವ ಕೋಣೆಯಲ್ಲಿದ್ದೆ. ಪಕ್ಕೀರಮ್ಮ ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು. ಸಂಚಿಯಿಂದ ಮಡಚಿ ಮಡಚಿ ಸವೆದ ಒಂದು ಕಾಗದ ತೆಗೆದು ಕಟ್ಟೆಯ ಮೇಲೆ ಹರಡಿದಳು. ಅದರ ಪಕ್ಕ ಕೌಂಟರ್ ಮೇಲಿನ ಆ ಫೈಲಿನಿಂದ ತೆಗೆದ ಇನ್ನೊಂದು ಹೊಸ ಕಾಗದ ಇಟ್ಟಳು.

"ಸಿಸ್ಟರಮ್ಮ, ನನಗ ಓದಾಕ ಬರಂಗಿಲ್ಲ. ಈ ಎರಡೂ ಒಂದ ಅದಾವೇನ ನೋಡ್ರಿ."

ಅವಳಿಗೆ ಓದಲು ಬರುವುದಿಲ್ಲ, ಆದರೆ ಆಕಾರ ಗೊತ್ತಿತ್ತು. ಒಂದೊಂದೇ ಸಾಲಿಗೆ ಬೆರಳಿಟ್ಟು ತೋರಿಸಿದಳು. ಕಾಲು ಚಾಚಿದ ಅಕ್ಷರ ಎಂಟು ಸಲ, ಆಮೇಲೆ ಹಾವಿನಂಥದ್ದು ಒಂದು, ಮತ್ತೆ ಕಾಲು ಚಾಚಿದ್ದು ಆರು, ಕೊನೆಗೆ ಹಾವಿನಂಥದ್ದು. ಎರಡೂ ಕಾಗದದಲ್ಲಿ ಒಂದೇ ಸಾಲು, ಒಂದೇ ಜಾಗ. ಹೊಸ ಕಾಗದದ ಮೇಲೆ ರೋಜಾಳ ಹೆಸರಿತ್ತು. ಹಳೆಯದರ ಮೇಲೆ ಭೂಮಿಕಾಳ ಹೆಸರಿತ್ತು.

"ಇದು ನಿನ್ನ ಹತ್ರ ಹೆಂಗ ಬಂತು?" ಎಂದೆ.

"ನನ್ನ ಸೊಸಿ ಅಕಿ. ಗೇಟಿಗೆ ಮಣ್ಣು ತೂರಿದಾಕಿ ನಾನ. ಅವತ್ತ ನೀವು ಕಿಟಕಿ ಹಾಕ್ಕೊಂಡ್ರಿ, ನಾ ನೋಡೀನಿ."

ಅವಳು ನಿಂತೇ ಹೇಳಿದಳು. ಯಾರು ತನ್ನ ಸೊಸೆಯನ್ನು ಕೊಂದರು ಎಂದು ಕಣ್ಣಾರೆ ನೋಡಿ, ಅವರ ಕೈ ಮುರಿಯಲು ಬಂದಿದ್ದಳಂತೆ. ಆರೇಳು ತಿಂಗಳು ಹಾಸಿಗೆ, ನಲ್ಲಿ, ಕತ್ತರಿ, ನಮ್ಮೆಲ್ಲರ ಕೈ ಎಲ್ಲವನ್ನೂ ಕಾದು ನೋಡಿದ್ದಳು.

"ರೋಜಾಗ ಯಾರೂ ಭಂಡಾರ ಹಚ್ಚಿಲ್ಲ. ಅಂದ್ರ ಇದು ನಮ್ಮ ಮನಿಯಿಂದ ಬಂದಿದ್ದಲ್ಲ, ಇಲ್ಲೇ ಐತಿ. ಎಲ್ಲಿ ಐತಿ ಅಂತ ನನಗ ಇವತ್ತ ಗೊತ್ತಾತು." ಅವಳು ಟ್ರಾಲಿಯ ಕಡೆ ಕೈ ತೋರಿಸಿದಳು. "ತಳದಾಗ ಹಳೇದು ಬಿಟ್ಟು ಮ್ಯಾಲೆ ಹೊಸಾದು ಸುರೀತೀವಿ. ಮೊಸರಿಗೆ ಹೆಪ್ಪು ಹಾಕಾದು ಹಿಂಗ ಅಲ್ಲೇನ್ರಿ?"

"ಅದು ಹುಳ ಸಾಯಿಸೋ ಔಷಧಿ," ಎಂದೆ. ಹೇಳುವಾಗಲೇ ನನ್ನ ಧ್ವನಿ ನನಗೆ ಸರಿ ಅನ್ನಿಸಲಿಲ್ಲ.

"ನಮ್ಮ ಕುರಿಗೂ ಹುಳದ ಔಷಧಿ ಹಾಕ್ತಿದ್ವಿ. ದುಬಾರಿ ಅಂತ ನೀರು ಬೆರಸಿ ಅರ್ಧರ್ಧ ಹಾಕ್ತಿದ್ವಿ. ಈಗ ಆ ಔಷಧಿಗೆ ಹುಳ ಕೇರೇ ಮಾಡಂಗಿಲ್ಲ. ಉಳದಾವಲ್ಲ, ಅವು ಔಷಧಿ ಕುಡದು ಬೆಳದಾವು."

ಅರವತ್ತೆಂಟು ಅಂಕದವಳಿಗೆ ಇದನ್ನು ಕುರಿ ಮಂದೆಯವಳು ಹೇಳಿಕೊಡಬೇಕಾಯಿತು.

ಬಳ್ಳಾರಿಯ ಒಂದು ಲ್ಯಾಬಿನಲ್ಲಿ ನನ್ನ ಜೊತೆ ಓದಿದವಳಿದ್ದಾಳೆ. ಬಾಟಲಿಯ ನೀರನ್ನು ಒಂದು ಸೀಸೆಯಲ್ಲಿ ಹಾಕಿ ಯಾರಿಗೂ ಹೇಳದೆ ಕಳಿಸಿದೆ. ನಾಲ್ಕು ದಿನಕ್ಕೆ ಮೂರನೇ ಕಾಗದ ಬಂತು. ರೋಗಾಣುವಿನ ಹೆಸರು ಸೂಡೋಮೊನಾಸ್. ನೀರಿನಲ್ಲಿ ಬದುಕುತ್ತದೆ, ತೆಳುವಾದ ಲೋಷನ್ನಿನಲ್ಲೂ ಬದುಕುತ್ತದೆ. ಆಸ್ಪತ್ರೆಯಲ್ಲಿ ಕಂಡಕಂಡವರಿಗೆ ಚುಚ್ಚುವ ಔಷಧಿಗಳನ್ನೆಲ್ಲ ನೋಡಿ ನೋಡಿ ಅವುಗಳಿಂದ ತಪ್ಪಿಸಿಕೊಳ್ಳುವುದನ್ನೂ ಕಲಿತಿರುತ್ತದೆ. ಪಕ್ಕೀರಮ್ಮ ಮೂರನೇ ಕಾಗದವನ್ನು ಆ ಎರಡರ ಪಕ್ಕ ಇಟ್ಟು ಬೆರಳಾಡಿಸಿದಳು. ಎಂಟು, ಒಂದು, ಆರು, ಒಂದು.

ನಾನು ಡಾಕ್ಟರಿಗೆ ತೋರಿಸಿದೆ. ಅವರು ಕಾಗದವನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು.

"ಆ ಬಾಟ್ಲಿ ಚೆಲ್ಲಿಬಿಡ್ರಿ ಸಿಸ್ಟರ್. ಹೊಸಾದು ತರಸ್ತೀನಿ. ಮಾತು ಇಲ್ಲಿಗೇ ಬಿಡ್ರಿ. ನಿಮ್ಮ ರಿಜಿಸ್ಟ್ರೇಷನ್ ಸೈತ ಐತಿ ನೋಡ್ರಿ, ತುಂಬಿದವರು ನೀವ."

ಅಷ್ಟೇ. ಭೂಮಿಕಾ ಅಷ್ಟೇ, ರೋಜಾ ಅಷ್ಟೇ. ನಾನು ಬಾಟಲಿಯನ್ನು ಪಕ್ಕೀರಮ್ಮನ ಕೈಗೆ ಕೊಟ್ಟು ಚೆಲ್ಲು ಎಂದೆ.

ಆ ಸಂಜೆ ಅವಳು ನನ್ನ ದಾರಿಗೆ ಅಡ್ಡ ನಿಂತಳು. ಅವಳಿಗೆ ಬೇಕಾದ್ದು ಒಂದೇ. ಕೂಸು ನೀಲಗುಂದದಲ್ಲಿ ಬೆಳೆಯುತ್ತಿದೆ, ಅಪ್ಪನ ಮುಖ ಅದಕ್ಕೆ ಗೊತ್ತಿಲ್ಲ. ಇನ್ನೆರಡು ವರ್ಷಕ್ಕೆ ಅದಕ್ಕೆ ಮಾತು ತಿಳಿಯುತ್ತದೆ, ನಿನ್ನವ್ವನನ್ನು ನಿನ್ನಪ್ಪನೇ ಕೊಂದ ಎಂದು ಯಾರಾದರೂ ಹೇಳುತ್ತಾರೆ.

"ನೀವು ಒಂದ ಸಲ ನೀಲಗುಂದಕ್ಕ ಬರ್ರಿ. ಬೀಗರ ಮುಂದ ಒಂದ ಮಾತು ಹೇಳ್ರಿ, ಭಂಡಾರದಿಂದ ಅಲ್ಲ ಅಂತ. ಮತ್ತೇನೂ ಕೇಳಂಗಿಲ್ಲ ನಾನು."

"ನನ್ನ ಕೆಲಸ ಹೊಕ್ಕೈತಿ ಪಕ್ಕೀರಮ್ಮ," ಎಂದೆ.

ಅವಳು ನನ್ನನ್ನು ಬೈಯಲಿಲ್ಲ. ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಬೈದಿದ್ದರೆ ಚೆನ್ನಾಗಿತ್ತು.

ದಸರೆ ಕಳೆದು ಡಾಕ್ಟರ ಮಗಳು ಅರ್ಚನಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಒಳ್ಳೆಯ ಹುಡುಗಿ. ಪಕ್ಕೀರಮ್ಮನನ್ನು ಅಮ್ಮಾ ಎಂದು ಕರೆಯುತ್ತಿದ್ದಳು, ಬಿಸಿನೀರು ಕೊಟ್ಟರೆ ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಿದ್ದಳು. ದಾವಣಗೆರೆಯಿಂದ ಡಾಕ್ಟರಮ್ಮ ಬಂದು ಆಪರೇಷನ್ ಮಾಡಿದರು, ಗಂಡುಮಗು ಹುಟ್ಟಿತು. ಮಗಳ ಕೋಣೆಗೆ ಮಾತ್ರ ಡಾಕ್ಟರು ಕೈ ತೊಳೆದುಕೊಂಡು ಹೋಗುತ್ತಿದ್ದರು, ಪ್ರತಿ ಸಲವೂ, ಮೊಣಕೈವರೆಗೆ. ಪಕ್ಕೀರಮ್ಮ ನೆಲ ಒರೆಸುತ್ತಾ ಅದನ್ನು ನೋಡುತ್ತಿದ್ದಳು. ಆ ದಿನಗಳಲ್ಲಿ ಅವಳ ಗೊಣಗಾಟ ನಿಂತಿತ್ತು, ನನಗೆ ಅದೇ ಹೆದರಿಕೆ ತಂದಿತು.

ಮೂರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅರ್ಚನಾಳ ಪಟ್ಟಿ ಬದಲಿಸಬೇಕಿತ್ತು. ನಾನು ಟ್ರಾಲಿ ತಳ್ಳಿಕೊಂಡು ಒಳಗೆ ಹೋದೆ, ಹಿಂದೆಯೇ ಡಾಕ್ಟರು ಬಂದರು. ಹಳೆಯ ಪಟ್ಟಿ ಬಿಚ್ಚಿದೆ. ಹೊಲಿಗೆ ಒಣಗಿ ಚೆನ್ನಾಗಿತ್ತು. ಲೋಷನ್ನಿಗೆ ಕೈ ಹಾಕಿದರೆ ಕೈಗೆ ಗಾಜು ತಗುಲಿತು. ನಮ್ಮ ಹೊಸ ಬಾಟಲಿ ಪ್ಲಾಸ್ಟಿಕ್ಕಿನದು. ನೋಡಿದೆ: ಕಂದು ಗಾಜು, ಚಕ್ಕೆ ಎದ್ದ ಕುತ್ತಿಗೆ, ನನ್ನ ಅಕ್ಷರ. ಅರ್ಧದಷ್ಟು ತುಂಬಿತ್ತು. ಪಕ್ಕೀರಮ್ಮ ಅದನ್ನು ಚೆಲ್ಲಿರಲಿಲ್ಲ, ಮೂರು ತಿಂಗಳು ಪೊರಕೆ ಇಡುವ ಕೋಣೆಯಲ್ಲಿ ಬಚ್ಚಿಟ್ಟಿದ್ದಳು.

ತಲೆ ಎತ್ತಿದೆ. ಅವಳು ಬಾಗಿಲಲ್ಲಿ ನೆಲ ಒರೆಸುವ ಕೋಲು ಹಿಡಿದು ನಿಂತಿದ್ದಳು. ಅವಳ ಹಿಂದೆ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಒಬ್ಬ ಮುದುಕ. ಕರಿಸಿದ್ದಪ್ಪ. ಕೂಸಿನ ಹುಟ್ಟಿದ ಚೀಟಿಗೆ ಡಾಕ್ಟರು ನಿಮ್ಮ ಹೆಬ್ಬೆಟ್ಟು ಕೇಳುತ್ತಿದ್ದಾರೆ ಎಂದು ಸುಳ್ಳು ಹೇಳಿ ಕರೆಸಿದ್ದಳು.

ಒಂದು ಮಾತು ಪ್ರಾಮಾಣಿಕವಾಗಿ ಹೇಳುತ್ತೇನೆ. ಆ ಕ್ಷಣ ನಾನು ಸುಮ್ಮನಿದ್ದು ಹತ್ತಿಯನ್ನು ಅದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಕ್ಕೀರಮ್ಮನೂ ಬಾಯಿ ಬಿಡಬೇಕಿರಲಿಲ್ಲ. ಸೇಡು ತೀರಿಸಲು ಅವಳು ಮಾಡಬೇಕಾದ್ದು ಏನೂ ಇರಲಿಲ್ಲ, ನಾನು ಕಲಿಸಿದ ಕೆಲಸ ಮಾಡಿದರೆ ಸಾಕಿತ್ತು. ಹತ್ತಿ ನನ್ನ ಕೈಯಲ್ಲಿತ್ತು.

"ನಿಲ್ರಿ ಸಿಸ್ಟರಮ್ಮ," ಎಂದಳು ಅವಳು. "ಅದು ನಿಮ್ಮ ಕೈಯಿಂದ ಆಗಬಾರದು. ಸಾಹೇಬ್ರ ಕೈಗೆ ಕೊಡ್ರಿ."

ಡಾಕ್ಟರು ಬಾಟಲಿ ನೋಡಿದರು. "ಇದನ್ನ ಚೆಲ್ಲಾಕ ಹೇಳಿದ್ದೆನಲ್ಲ. ಯಾರು ತಂದ್ರು ಇಲ್ಲಿ?"

"ಯಾಕ ಚೆಲ್ಲಬೇಕ್ರಿ ಸಾಹೇಬ್ರ? ನನ್ನ ಸೊಸಿ ಸತ್ತಿದ್ದು ಭಂಡಾರದಿಂದ ಅಂತ ನೀವ ಹೇಳೀರಿ. ಬಾಟ್ಲಿ ಏನ್ ತಪ್ಪ ಮಾಡೇತಿ? ನಾನು ಭೂಮಿಕಾನ ಅತ್ತಿ. ಇವರು ಭೂಮಿಕಾನ ಅಪ್ಪ. ಇಬ್ರೂ ನಿಂತು ನೋಡ್ತೀವಿ. ನಿಮ್ಮ ಮಗಳ ಗಾಯಕ್ಕ ನಿಮ್ಮ ಕೈಯಾರ ಅದನ್ನ ಹಾಕ್ರಿ. ಹಾಕಿದ್ರ, ಸೊಸಿನ್ನ ಕೊಂದಾವ ನನ್ನ ಮಗನ ಅಂತ ಇಲ್ಲೇ ಬೀಗರ ಕಾಲಿಗೆ ಬೀಳ್ತೀನಿ."

"ಅಪ್ಪಾ, ಏನದು?" ಎಂದಳು ಅರ್ಚನಾ. ಸೀರೆಯನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

ಡಾಕ್ಟರು ಬಾಟಲಿಯನ್ನು ನನ್ನ ಕೈಯಿಂದ ಕಿತ್ತುಕೊಂಡು, ಮೈಯಿಂದ ದೂರ ಹಿಡಿದು, ಮಗಳ ಹಾಸಿಗೆಯಿಂದ ನಾಲ್ಕು ಹೆಜ್ಜೆ ಹಿಂದಕ್ಕೆ ಹೋದರು. ಗೋಡೆ ತಗುಲುವವರೆಗೂ ಹೋದರು.

"ಹಾಕ್ರಲ್ಲ ಡಾಕ್ಟ್ರ," ಎಂದ ಕರಿಸಿದ್ದಪ್ಪ. ಅವನ ಧ್ವನಿ ಸಣ್ಣಗಿತ್ತು.

ಡಾಕ್ಟರು ಹಾಕಲಿಲ್ಲ. ಪಕ್ಕದ ಕೋಣೆಯವರು ಬಾಗಿಲಿಗೆ ಬಂದು ಇಣುಕಿದರು.

"ಬಾಟ್ಲಿಯಿಂದ ಆಗಿತ್ತು," ಎಂದರು ಕೊನೆಗೆ, ನೆಲ ನೋಡುತ್ತಾ.

"ಜೋರ್ ಹೇಳ್ರಿ," ಎಂದಳು ಪಕ್ಕೀರಮ್ಮ. "ನಮ್ಮ ಬೀಗರಿಗೆ ಕಿವಿ ಮಂದ ಐತಿ. ಒಂದೂಕಾಲು ವರ್ಷದಿಂದ ಮಂದ ಐತಿ."

"ಭಂಡಾರದಿಂದ ಅಲ್ಲ. ಬಾಟ್ಲಿಯಿಂದ."

ಮೂರು ಸಲ ಹೇಳಿಸಿದಳು. ಎರಡನೇ ಸಲಕ್ಕೆ ಕಾರಿಡಾರಿನ ತುದಿಯವರೆಗೂ ಕೇಳಿಸಿತು, ಮೂರನೇ ಸಲಕ್ಕೆ ಅರ್ಚನಾ ಅಪ್ಪನಿಂದ ಮುಖ ತಿರುಗಿಸಿಕೊಂಡಳು. ಬಾಟಲಿಯನ್ನು ಮತ್ತೆ ಟ್ರಾಲಿಗೆ ಇಡದೆ ಪಕ್ಕೀರಮ್ಮ ತಾನೇ ಇಸಿದುಕೊಂಡು, ಮಗಳೇ ಹೆದರಬ್ಯಾಡ ಎಂದು ಅರ್ಚನಾಳಿಗೆ ಹೇಳಿ ಹೊರಗೆ ಹೋದಳು. ನಾನು ಹೊಸ ಬಾಟಲಿ ತಂದು ಪಟ್ಟಿ ಕಟ್ಟಿದೆ. ಸುಳ್ಳೇಕೆ ಹೇಳಲಿ, ಆ ದಿನದಷ್ಟು ಖುಷಿ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಮಗಳಿಗೆ ಮುಟ್ಟಿಸಲು ಆಗದ ನೀರನ್ನು ಊರವರ ಮಕ್ಕಳಿಗೆ ಹಾಕಿಸಿದ ಮನುಷ್ಯ ಗೋಡೆಗೆ ಅಂಟಿಕೊಂಡು ನಿಂತದ್ದನ್ನು ಈಗಲೂ ನೆನೆಸಿಕೊಂಡು ಊಟ ಮಾಡುತ್ತೇನೆ.

ಹೊರಗೆ ಬೆಂಚಿನ ಮೇಲೆ ಕರಿಸಿದ್ದಪ್ಪ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಕೂತಿದ್ದ. ಆಮೇಲೆ ಎದ್ದು, "ಯಕ್ಕಾ, ಅಳಿಯ ಎಲ್ಲಿ ಅದಾನ?" ಎಂದು ಕೇಳಿದ. ಮಂದೆ ಹೊಳೆಯ ಕಡೆ ಹೋಗಿದೆ ಎಂದಳು. ಅವನು ಊರಿಗೆ ಹೋಗಲಿಲ್ಲ, ಅಲ್ಲಿಂದಲೇ ಬಸ್ಸು ಹತ್ತಿ ಅಳಿಯನನ್ನು ಹುಡುಕಿಕೊಂಡು ಹೊರಟ. ಅಮಾವಾಸ್ಯೆಯ ದಿನ ಕೂಸು ಹಟ್ಟಿಗೆ ಬಂತು.

ಡಾಕ್ಟರಿಗೆ ಏನಾಯಿತು ಎಂದು ಕೇಳಬೇಡಿ. ಆಸ್ಪತ್ರೆ ಮಾರಿದರು, ಈಗ ಬೇರೆ ಊರಿನಲ್ಲಿ ಬೋರ್ಡು ಹಾಕಿಕೊಂಡಿದ್ದಾರೆ, ಅಲ್ಲಿಯೂ ಕೈಗುಣ ಚೆನ್ನಾಗಿದೆಯಂತೆ. ನಾನು ಬರೆದ ದೂರಿನ ಅರ್ಜಿ ಯಾವುದೋ ಕಪಾಟಿನಲ್ಲಿ ಮಲಗಿದೆ.

ನನ್ನ ಖುಷಿ ಎಂಟು ದಿನ ಇತ್ತು. ಪಕ್ಕೀರಮ್ಮನದೂ ಅಷ್ಟೇ ದಿನ. ಒಂಬತ್ತನೇ ದಿನ ಅವಳು ಕೊಟ್ಟೂರು ಸ್ಟೇಷನ್ನಿನಲ್ಲಿ ರೈಲು ಹತ್ತಿ ಹಗರಿಬೊಮ್ಮನಹಳ್ಳಿಗೆ ಹೋದಳು, ರೋಜಾಳ ಮನೆ ಹುಡುಕಿಕೊಂಡು.

ಸಂಜೆ ನಮ್ಮ ಮನೆಗೆ ಬಂದಾಗ ಅವಳ ತಲೆಯ ತುಂಬ ಮಣ್ಣಿತ್ತು. ಹಣೆ, ರೆಪ್ಪೆ, ಕುಪ್ಪಸದ ಹೆಗಲು, ಎಲ್ಲ ಕಡೆ ಕೆಂಪು ಮಣ್ಣು. ರೈಲಿನಲ್ಲಿ ಹಾಗೆಯೇ ಕೂತು ಬಂದಿದ್ದಳು, ಕೊಡವಿಕೊಂಡಿರಲಿಲ್ಲ.

"ಏನಾತು?" ಎಂದೆ.

"ಭೂಮಿಕಾಗ ಆದಾಗ ನಾ ಆಸ್ಪತ್ರ್ಯಾಗ ಕೆಲಸಕ್ಕ ಇರಲಿಲ್ಲ," ಎಂದಳು. "ರೋಜಾಗ ಆದಾಗ ಇದ್ದೆ. ಆರು ದಿನ ಬೆಳಿಗ್ಗಿ ಅಕಿ ಬಾಟ್ಲಿ ತುಂಬಿದಾಕಿ ನಾನ. ಹೋಗಿ ಅಕಿ ಮುಂದ ಹೇಳಿದ್ನಿ, ನಿನ್ನ ಹೊಟ್ಟಿ ಬರಿದು ಮಾಡಿದ್ದು ಈ ಕೈ ಅಂತ. ಅಕಿ ಅಂಗಳಕ್ಕ ಇಳಿದು ಮೂರು ಸಲ ಮಣ್ಣು ತೂರಿದ್ಳು. ನಾ ತೂರಿದ್ದಕ್ಕಿಂತ ಜೋರ್ ತೂರಿದ್ಳು."

ನಾನು ನೀರು ಕೊಟ್ಟೆ. ನಿಂತೇ ಕುಡಿದಳು.

"ಯಾರ್ ಕಲಿಸಿದ್ರು ನಿನಗ ಹಿಂಗ ತುಂಬಾಕ ಅಂತ ಕೇಳಿದ್ಳು. ನಾ ಹೇಳ್ಲಿಲ್ಲ."

"ಯಾಕ ಹೇಳ್ಲಿಲ್ಲ?"

"ನನ್ನ ಪಾಲಿನ ಮಣ್ಣು ನಾ ಹೋಗಿ ಇಸ್ಕೊಂಡ್ ಬಂದೀನಿ. ನಿಮ್ಮ ಪಾಲಿಂದು ನೀವ ಹೋಗಿ ಇಸ್ಕೊಳ್ರಿ. ಅದನ್ನೂ ನಾ ಹೊರಬೇಕೇನು?"

ಲೋಟ ಕಟ್ಟೆಯ ಮೇಲೆ ಇಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಕೂಸು ಮಲಗುವ ಮೊದಲು ಮನೆ ಮುಟ್ಟಬೇಕಿತ್ತು ಅವಳಿಗೆ. ಈಗಲೂ ಹಟ್ಟಿಯಲ್ಲಿ ಮೊಮ್ಮಗಳನ್ನು ಸಾಕಿಕೊಂಡಿದ್ದಾಳೆ. ಬಾಗಿಲಲ್ಲಿ ಒಂದು ಸೋಪು, ಒಂದು ಬಕೆಟ್ ನೀರು ಇಟ್ಟಿದ್ದಾಳೆ. ಕೈ ತೊಳೆಯದೆ ಆ ಕೂಸನ್ನು ಮುಟ್ಟಲು ಹೋದವರು ಯಾರೇ ಆಗಲಿ, ನೀಲಗುಂದದ ಬೀಗರೇ ಆಗಲಿ, ಅವರ ಏಳು ತಲೆಮಾರು ಅವಳ ಬಾಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ಡಬ್ಬಿಗಳನ್ನು ಪೂರ್ತಿ ಬರಿದು ಮಾಡಿ, ಬಿಸಿಲಿಗೆ ಒಣಗಿಸಿ, ಆಮೇಲೆಯೇ ತುಂಬುತ್ತಾಳೆ. ಖಾಲಿ ಆಯಿತು ಎಂದು ಬಾಯಿಬಿಟ್ಟೇ ಹೇಳುತ್ತಾಳೆ.

ನಾನು ನಾಲ್ಕು ಸಲ ಸ್ಟೇಷನ್ನಿಗೆ ಹೋಗಿ ಬಂದೆ. ಒಮ್ಮೆ ರೈಲು ಹತ್ತಿ, ಹೊರಡುವ ಮೊದಲು ಇಳಿದೆ. ಕಿಟಕಿ ಹಾಕಿಕೊಂಡವಳ ಬುದ್ಧಿ ಇಷ್ಟೇ. ಹಾಗಾಗಿ ಇದನ್ನು ಬರೆದೆ, ಬರೆದದ್ದನ್ನು ಹಗರಿಬೊಮ್ಮನಹಳ್ಳಿಯ ಆ ಬಟ್ಟೆ ಅಂಗಡಿಯ ವಿಳಾಸಕ್ಕೆ ಕಳಿಸುತ್ತಿದ್ದೇನೆ.

ರೋಜಾ, ನೀನು ಕೇಳಿದ್ದಕ್ಕೆ ಉತ್ತರ. ಅವಳಿಗೆ ಕಲಿಸಿದವಳ ಹೆಸರು ಸುಮಲತಾ. ಕೊಟ್ಟೂರಿನ ಸ್ಟೇಷನ್ ರಸ್ತೆಯಲ್ಲಿ, ಹಿಟ್ಟಿನ ಗಿರಣಿಯ ಹಿಂದೆ, ನೀಲಿ ಬಾಗಿಲಿನ ಮನೆ. ಭಾನುವಾರ ಇಡೀ ದಿನ ಮನೆಯಲ್ಲೇ ಇರುತ್ತೇನೆ. ಅಂಗಳಕ್ಕೆ ಸಿಮೆಂಟು ಹಾಕಿಸಿಲ್ಲ, ಮಣ್ಣಿದೆ.